ಒಳಕ್ಕೆ ತೆರೆಯುವ ಬಾಗಿಲು

"ಬುದ್ಧಿ, ಕಂಡ ಅಪಾಯವನ್ನು ಹೇಳಬೇಕಾದವರಿಗೆ ಒಂದು ಸಲ ಹೇಳಿಬಿಟ್ಟರೆ ಹೇಳಿದವನ ಹೊಣೆ ಅಲ್ಲಿಗೆ ಮುಗಿಯಿತಲ್ಲವೇ?"

ಮರುಳಸಿದ್ಧ ಈ ಪ್ರಶ್ನೆಯನ್ನು ಕೇಳಿದ್ದು ಮಠದ ಹಿಂದಿನ ಜಗುಲಿಯಲ್ಲಿ, ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಆ ಮಠದಲ್ಲಿ ಗುರುಗಳನ್ನು ಎಲ್ಲರೂ 'ಬುದ್ಧಿ' ಎಂದೇ ಕರೆಯುತ್ತಿದ್ದರು. ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅದು ಹೇಗೆ ಹುಟ್ಟಿತು ಎಂಬುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಗುರುಗಳು ಕೊಟ್ಟ ಉತ್ತರದ ತೂಕ ತಿಳಿಯುವುದಿಲ್ಲ.

ಬರುವ ಸೋಮವಾರ ಮಠದ ಹೊಸ ದಾಸೋಹದ ಮನೆ ತೆರೆಯುವುದಿತ್ತು. ದಾಸೋಹದ ಮನೆ ಎಂದರೆ ಬಂದವರೆಲ್ಲರಿಗೂ ಊಟ ಬಡಿಸುವ ಜಾಗ. ಹತ್ತು ಸಾವಿರ ಜನ ಬರಬಹುದೆಂದು ಅಂದಾಜು. ಅಷ್ಟು ಜನರನ್ನು ಸಾಲಿನಲ್ಲಿ ಒಳಗೆ ಬಿಟ್ಟು ಸಾಲಿನಲ್ಲಿ ಹೊರಗೆ ಕಳಿಸುವ ಕೆಲಸವನ್ನು ಗುರುಗಳು ಮರುಳಸಿದ್ಧನಿಗೆ ಒಪ್ಪಿಸಿದ್ದರು. ದಾಸೋಹದ ಮನೆಯ ಅಂಗಳದ ಸುತ್ತ ಎತ್ತರದ ಗೋಡೆ ಇದೆ. ಮೂಡಣಕ್ಕೆ ಒಂದು ಬಾಗಿಲು, ಪಡುವಣಕ್ಕೆ ಒಂದು ಬಾಗಿಲು. ಮೂಡಣ ಬಾಗಿಲಿನಿಂದ ಬಂದವರು ಉಂಡು ಪಡುವಣ ಬಾಗಿಲಿನಿಂದ ಹೋಗಬೇಕು ಎಂದು ಮರುಳಸಿದ್ಧ ಲೆಕ್ಕ ಹಾಕಿದ್ದ. ಕಾಲುವೆಯ ನೀರಿನ ಹಾಗೆ ಜನ ಒಂದೇ ಕಡೆಗೆ ಹರಿದರೆ ಎದುರುಬದುರಾಗಿ ನುಗ್ಗುವುದಿಲ್ಲ ಎಂಬುದು ಅವನ ಆಲೋಚನೆ.

ಆದರೆ ಆ ಬೆಳಿಗ್ಗೆ ಎದ್ದು ನೋಡಿದರೆ ಪಡುವಣ ಬಾಗಿಲಿಗೆ ಅಡ್ಡವಾಗಿ ಶಾಮಿಯಾನ ಎದ್ದಿತ್ತು. ಅದರ ಕೆಳಗೆ ದಾನಿಗಳಿಗೆಂದು ಕುರ್ಚಿಗಳನ್ನು ಹಾಕಿದ್ದರು. ಬಾಗಿಲಿಗೆ ಬೀಗ ಬಿದ್ದಿತ್ತು. ಹಾಗಾದರೆ ಬರುವವರೂ ಹೋಗುವವರೂ ಮೂಡಣ ಬಾಗಿಲೊಂದರಲ್ಲೇ ಓಡಾಡಬೇಕು. ಅದು ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಅಗಲ, ಅಷ್ಟೆ.

ಮರುಳಸಿದ್ಧ ಪಾರುಪತ್ಯಗಾರ ಗುರುಶಾಂತಪ್ಪನ ಬಳಿಗೆ ಹೋಗಿ ಹೇಳಿದ. ಮಠದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನು ಈ ಗುರುಶಾಂತಪ್ಪ. ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿರುತ್ತವೆ.

"ಅಲ್ಲಯ್ಯಾ ಮರುಳಸಿದ್ಧ, ಜನ ಬರುವುದು ಊಟಕ್ಕೋ ಯುದ್ಧಕ್ಕೋ?" ಎಂದು ಗುರುಶಾಂತಪ್ಪ ಕೇಳಿದ. "ಉಣ್ಣುತ್ತಾರೆ, ಕೈ ತೊಳೆಯುತ್ತಾರೆ, ಹೋಗುತ್ತಾರೆ. ಹೆಸರಿನಲ್ಲಿರುವ ಮರುಳನ್ನು ತಲೆಗೆ ಏರಿಸಿಕೊಳ್ಳಬೇಡ."

ಕುರ್ಚಿ ಜೋಡಿಸುತ್ತಿದ್ದವರು ನಕ್ಕರು. ಮರುಳಸಿದ್ಧ ಅಲ್ಲಿಂದ ಬಂದುಬಿಟ್ಟ.

ಬಂದವನು ಇನ್ನೊಂದು ಕೆಲಸ ಮಾಡಿದ. ಮಠಕ್ಕೆ ದಿನವೂ ಹಾಲು ತರುವ ಹಾಲಿನವನು ಮರಳಿ ತನ್ನ ಊರಿಗೆ ಹೊರಟಿದ್ದ. ಮರುಳಸಿದ್ಧನ ಅಕ್ಕನನ್ನು ಕೊಟ್ಟಿರುವುದು ಹಾಲಿನವನ ಊರಿಗೇ. "ಅಕ್ಕನಿಗೆ ಹೇಳು, ಮಕ್ಕಳನ್ನು ಕಟ್ಟಿಕೊಂಡು ಸೋಮವಾರ ಬರುವುದು ಬೇಡ, ಮಂಗಳವಾರ ನಿಧಾನವಾಗಿ ಬರಲಿ" ಎಂದು ಹೇಳಿಕಳಿಸಿದ. ಹಾಲಿನವನು ಎಂದಿನಂತೆ ಗುರುಗಳಿಗೆ ನಮಸ್ಕರಿಸಿ, ಎಂದಿನಂತೆ ಅವರೊಡನೆ ನಾಲ್ಕು ಮಾತಾಡಿ ಹೋದ. ಇದರಲ್ಲಿ ವಿಶೇಷವೇನೂ ಮರುಳಸಿದ್ಧನಿಗೆ ಕಾಣಲಿಲ್ಲ. ಪ್ರಶ್ನೆ ಕೇಳುವಾಗ ಅದು ಅವನ ನೆನಪಿನಲ್ಲೂ ಇರಲಿಲ್ಲ.

ಗುರುಗಳು ಪ್ರಶ್ನೆಯನ್ನು ಕೇಳಿಸಿಕೊಂಡರು.

"ಕೂತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಬಾಗಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಸುತ್ತಲಿನ ಊರುಗಳಲ್ಲಿ ಯಾರು ಮನೆ ಕಟ್ಟಿದರೂ ಬಾಗಿಲು ಅವನದೇ ಆಗಬೇಕಿತ್ತು. ಅವನು ಕೂರಿಸಿದ ಕದ ಮಳೆಗಾಲದಲ್ಲಿ ಉಬ್ಬುತ್ತಿರಲಿಲ್ಲ, ಬೇಸಗೆಯಲ್ಲಿ ಬಿರಿಯುತ್ತಿರಲಿಲ್ಲ. ತೆರೆದರೆ ಸದ್ದಿಲ್ಲ, ಮುಚ್ಚಿದರೆ ಸದ್ದಿಲ್ಲ.

ಆ ಊರಿನಲ್ಲಿ ಬಾಗಿಲಿಗೆ ಒಂದು ಪದ್ಧತಿ ಇತ್ತು. ಮನೆಯ ಬಾಗಿಲು ಒಳಕ್ಕೇ ತೆರೆಯಬೇಕು. ಎಂದರೆ, ಹೊರಗೆ ನಿಂತವನು ಕದವನ್ನು ತಳ್ಳಬೇಕು, ಒಳಗೆ ನಿಂತವನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಸ ಬಾಗಿಲು ಕೂರಿಸಿದ ದಿನ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಮನೆಯ ಹಿರಿಯ ಹೆಂಗಸು ಬಲಗೈಯಿಂದ ಕದವನ್ನು ಒಳಕ್ಕೆ ತಳ್ಳಿ, "ಬರುವುದೆಲ್ಲ ಒಳಗೆ ಬರಲಿ" ಎನ್ನುತ್ತಿದ್ದಳು. ಹೊರಕ್ಕೆ ತೆರೆಯುವ ಬಾಗಿಲು ಬಂದವರನ್ನು ಎದೆ ಹಿಡಿದು ತಳ್ಳಿದ ಹಾಗೆ. ಅಂಥ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ.

ಕೊಟ್ಟಿಗೆಗೆ ಮಾತ್ರ ಬೇರೆ ಕ್ರಮ. ಕೊಟ್ಟಿಗೆಯ ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಅದಕ್ಕೆ ಕಾರಣವನ್ನು ಬಡಗಿಗೆ ಅವನ ತಂದೆ ಕಲಿಸಿಕೊಟ್ಟಿದ್ದ. ದನ ಬೆದರಿದರೆ ಬೆಳಕು ಕಂಡ ಕಡೆಗೆ ನುಗ್ಗುತ್ತದೆ. ಬಾಗಿಲಿಗೇ ಬಂದು ಒತ್ತುತ್ತದೆ. ಒತ್ತುವ ದನಕ್ಕೆ ಹಿಂದೆ ಸರಿ ಎಂದರೆ ತಿಳಿಯುವುದಿಲ್ಲ. ತಿಳಿದರೂ ಅದರ ಹಿಂದಿರುವ ದನ ಬಿಡುವುದಿಲ್ಲ. ಆದ್ದರಿಂದ ಒತ್ತಿದರೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಕೊಟ್ಟಿಗೆಗೆ ಬೇಕು. ಬಡಗಿ ಎಷ್ಟೋ ಕೊಟ್ಟಿಗೆಗಳಿಗೆ ಅಂಥ ಬಾಗಿಲು ಮಾಡಿದ್ದ. ಅದನ್ನು ಕುರಿತು ಅವನು ಮತ್ತೆ ಯೋಚಿಸಬೇಕಾದ ಪ್ರಸಂಗ ಬಂದಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಬೆಲ್ಲದ ವರ್ತಕ ಇದ್ದ. ಕೆಟ್ಟವನಲ್ಲ. ಅವನ ತಾಯಿಗೆ ಪುರಾಣ ಕೇಳುವುದೆಂದರೆ ಪ್ರಾಣ. ಆ ಊರಿನಲ್ಲಿ ಪುರಾಣ ನಡೆಯುತ್ತಿದ್ದದ್ದು ಬಯಲಿನಲ್ಲಿ. ಕೇಳುವವರ ತಲೆಯ ಮೇಲೆ ಬಿಸಿಲು, ಬಾಯಿಗೆ ಧೂಳು. ತಾಯಿ ತೀರಿಕೊಂಡ ಮೇಲೆ ವರ್ತಕ ಅವಳ ಹೆಸರಿನಲ್ಲಿ ಒಂದು ಮಂಟಪ ಕಟ್ಟಿಸಿದ. ಕಲ್ಲಿನ ಗೋಡೆ. ಬೆಳಕಿಗಾಗಿ ಮೇಲೆ, ಆಳಿನ ತಲೆಗಿಂತ ಎತ್ತರದಲ್ಲಿ, ಕಲ್ಲಿನ ಜಾಲಂಧ್ರ, ಎಂದರೆ ಸಣ್ಣ ಸಣ್ಣ ತೂತುಗಳ ಕಿಟಕಿ. ಆರುನೂರು ಜನ ಕೂರುವಷ್ಟು ಜಾಗ. ಬಾಗಿಲು ಒಂದೇ. ಒಂದೇ ಆದರೂ ನೋಡಿದವರು ನಿಂತು ನೋಡುವಂಥ ಬಾಗಿಲಾಗಬೇಕು ಎಂದು ಬಡಗಿಗೆ ಹೇಳಿಕಳಿಸಿದ.

ಬಡಗಿ ಬಂದು ಅಳತೆ ತೆಗೆದುಕೊಂಡ. ಚೌಕಟ್ಟಿನ ಮರದ ಮೇಲೆ ಗೆರೆ ಎಳೆಯಲು ಕೂತ. ಕದ ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂಬುದು ಆ ಗೆರೆಯಿಂದಲೇ ತೀರ್ಮಾನವಾಗುತ್ತದೆ. ಒಮ್ಮೆ ಮರ ಕೊರೆದ ಮೇಲೆ ಅದನ್ನು ಬದಲಿಸಲು ಆಗುವುದಿಲ್ಲ. ಅವನ ಕೈ ಗೆರೆಯ ಮೇಲೆ ನಿಂತಿತು. ಆರುನೂರು ಜನ, ಒಂದು ಬಾಗಿಲು. ಮನೆಯಲ್ಲಿ ಇರುವುದು ಎಂಟು ಹತ್ತು ಜನ. ಅವನಿಗೆ ತಂದೆಯ ಮಾತು ನೆನಪಾಯಿತು. ನೆನಪಾದದ್ದು ಮನೆಯ ಬಾಗಿಲಿನ ಮಾತಲ್ಲ.

ಅವನು ಎದ್ದು ವರ್ತಕನ ಅಂಗಡಿಗೆ ಹೋದ. ಅಲ್ಲಿ ನಾಲ್ಕಾರು ಜನ ಕೂತಿದ್ದರು.

"ಯಜಮಾನರೇ, ಈ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಮಾಡಿದರೆ ಹೇಗೆ?"

"ಹೊರಕ್ಕೆ ತೆರೆಯುವುದು ಎಲ್ಲಿಯ ಬಾಗಿಲು, ಆಚಾರಿ?"

"ಕೊಟ್ಟಿಗೆಯದು."

ವರ್ತಕನ ಮುಖ ಕೆಂಪಾಯಿತು. "ನಮ್ಮವ್ವನ ಹೆಸರಿನ ಮಂಟಪಕ್ಕೆ ಕೊಟ್ಟಿಗೆ ಬಾಗಿಲೇ? ಪುರಾಣ ಕೇಳಲು ಬರುವುದು ಜನವೋ ದನವೋ, ನೀನೇ ಹೇಳಿಬಿಡಪ್ಪ."

"ಜೊತೆಗೆ ಹಗ್ಗ, ಗೂಟವನ್ನೂ ಮಾಡಿಕೊಡಲು ಹೇಳಿ. ಪುರಾಣ ಮುಗಿಯುವವರೆಗೆ ನಮ್ಮನ್ನೆಲ್ಲ ಕಟ್ಟಿಹಾಕಬಹುದು" ಎಂದ ಕೂತಿದ್ದವರಲ್ಲಿ ಒಬ್ಬ. ಅಂಗಡಿಯಲ್ಲಿ ನಗು ಎದ್ದಿತು.

ಬಡಗಿಗೆ ನಾಚಿಕೆಯಾಯಿತು. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ಬೆದರಿದಾಗ ಜನಕ್ಕೂ ದನಕ್ಕೂ ವ್ಯತ್ಯಾಸವಿಲ್ಲ, ಯಜಮಾನರೇ, ಎಂಬುದೇ ಆ ಮಾತು. ಆದರೆ ನಗುವವರ ನಡುವೆ ಅದನ್ನು ಹೇಳುವುದು ಹೇಗೆ? ವರ್ತಕನ ತಾಯಿಗೇ ಅವಮಾನ ಮಾಡಿದಂತೆ ಆಗುವುದಿಲ್ಲವೇ? ನಾಳೆ ವರ್ತಕ ಒಬ್ಬನೇ ಇರುವಾಗ ಬಂದು ಹೇಳಬಹುದಿತ್ತು. ಜಾಲಂಧ್ರದ ಕೆಳಗಿನ ಗೋಡೆಯಲ್ಲಿ ಇನ್ನೊಂದು ಬಾಗಿಲು ಇಡೋಣ ಎಂದು ಕೇಳಬಹುದಿತ್ತು. ಪುರಾಣ ಓದುವ ಹಿರಿಯರಿಂದ ಹೇಳಿಸಬಹುದಿತ್ತು. ಇವೆಲ್ಲ ಅವನಿಗೆ ಹೊಳೆಯಲಿಲ್ಲ ಎಂದಲ್ಲ.

"ತಮ್ಮ ಚಿತ್ತ" ಎಂದು ಹೇಳಿ ಹೊರಟುಬಂದ.

ದಾರಿಯಲ್ಲಿ ಅವನ ಮನಸ್ಸು ಹಗುರಾಯಿತು. ಹೇಳದೆ ಇದ್ದ ಮಾತು ಹೇಳದವನ ತಲೆಯ ಮೇಲೆ ಹೊರೆಯಾಗಿ ಇರುತ್ತದೆ. ಹೇಳಿದ ಕೂಡಲೇ ಆ ಹೊರೆಯನ್ನು ಕೇಳಿದವನ ತಲೆಗೆ ದಾಟಿಸಿದೆ ಎನ್ನಿಸುತ್ತದೆ. ಬಡಗಿಗೂ ಹಾಗೇ ಅನ್ನಿಸಿತು. ನಾನು ಹೇಳಿದ್ದೇನೆ, ಇನ್ನು ಅವರುಂಟು, ಅವರ ಬಾಗಿಲುಂಟು ಎಂದುಕೊಂಡ. ಮಾರನೆಯ ದಿನ ಗೆರೆಯನ್ನು ಒಳಗಡೆಗೆ ಎಳೆದ.

ಮೂರು ತಿಂಗಳು ಕೆಲಸ ನಡೆಯಿತು. ಎರಡು ಕದಗಳು. ನಾಲ್ಕು ಬೆರಳು ದಪ್ಪದ ತೇಗ. ಕದದ ತುಂಬ, ಒಳಮೈಗೂ ಹೊರಮೈಗೂ, ತಾವರೆ, ಗಿಳಿ. ಬಡಗಿಯ ಹೆಂಡತಿ ದಿನವೂ ಸಂಜೆ ಒರಟು ಬಟ್ಟೆಯಿಂದ ಮರವನ್ನು ಉಜ್ಜಿ ಎಣ್ಣೆ ಹಚ್ಚುತ್ತಿದ್ದಳು. ಯಾವ ಗಿಳಿಯ ಕೊಕ್ಕು ಎಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತಿತ್ತು. ಕದವನ್ನು ಕೂರಿಸಿದ ದಿನ ವರ್ತಕನ ಅತ್ತಿಗೆ ಬಲಗೈಯಿಂದ ಅದನ್ನು ಒಳಕ್ಕೆ ತಳ್ಳಿದಳು. ಅಷ್ಟು ದೊಡ್ಡ ಕದ ಒಂದು ಬೆರಳಿಗೆ ಸರಿಯಿತು. ನೋಡಿದವರು ಬಡಗಿಯ ಬೆನ್ನು ತಟ್ಟಿದರು.

ಮಂಟಪದಲ್ಲಿ ಮೊದಲ ಪುರಾಣದ ದಿನ ಬಂತು. ಆರುನೂರು ಜನರ ಜಾಗಕ್ಕೆ ಎರಡು ಸಾವಿರ ಜನ ಬಂದರು. ಸುತ್ತಲಿನ ಊರುಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಎಷ್ಟು ಜನರನ್ನು ಒಳಗೆ ಬಿಡಬೇಕು, ಎಷ್ಟಾದ ಮೇಲೆ ನಿಲ್ಲಿಸಬೇಕು ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಬಂದವರನ್ನು ಬೇಡ ಎನ್ನುವುದು ಆ ಊರಿನ ರೂಢಿಯಲ್ಲ.

ಬಡಗಿಯ ಹೆಂಡತಿ ಮದುವೆಯ ಸೀರೆ ಉಟ್ಟು ಬಂದಿದ್ದಳು.

"ಏನ್ರೀ, ಮುಂದೆ ಹೋಗಿ ಕೂತುಕೊಳ್ಳಲೇ? ಅಲ್ಲಾದರೆ ಪುರಾಣ ಚೆನ್ನಾಗಿ ಕೇಳಿಸುತ್ತದೆ."

"ಬೇಡ. ಬಾಗಿಲ ಪಕ್ಕದಲ್ಲೇ ಕೂತುಕೋ. ಏನಾದರೂ ಗಲಾಟೆಯಾದರೆ ಮೊದಲು ಹೊರಗೆ ಬಂದುಬಿಡಬಹುದು."

"ಏನು ಗಲಾಟೆ?"

"ಏನಿಲ್ಲ. ಸುಮ್ಮನೆ ಹೇಳಿದೆ."

ಅವಳು ನಕ್ಕಳು. "ನನ್ನ ಬಾಗಿಲನ್ನು ಕಾಯುತ್ತಾ ಕೂತಿರು ಎಂದು ನೆಟ್ಟಗೆ ಹೇಳಬಾರದೇ?" ಎಂದು ಒಳಗೆ ಹೋದಳು. ಹೇಳಿದ ಹಾಗೆ ಬಾಗಿಲ ಪಕ್ಕದಲ್ಲೇ ಕೂತಳು.

ಬಡಗಿ ಹೊರಗೆ ಉಳಿದ. ಒಳಗೆ ಇನ್ನು ಕಾಲಿಡಲು ಜಾಗವಿಲ್ಲ ಎಂದಾದಾಗ ಬಾಗಿಲು ಕಾಯುವವನು ಕದಗಳನ್ನು ಮುಚ್ಚಿದ. ಅವನದೂ ಒಳ್ಳೆಯ ಉದ್ದೇಶವೇ. ಇನ್ನಷ್ಟು ಜನ ನುಗ್ಗಬಾರದು, ಹೊರಗಿನ ಗದ್ದಲ ಒಳಗೆ ಕೇಳಬಾರದು ಎಂದು.

ಇಲ್ಲಿ ಮರುಳಸಿದ್ಧ ತಡೆಯಲಾರದೆ ಕೇಳಿದ: "ಬುದ್ಧಿ, ಅಗಳಿ ಹಾಕಿದ್ದನೇ?"

"ಇಲ್ಲ" ಎಂದರು ಗುರುಗಳು. "ಅಗಳಿ ಹಾಕಿರಲಿಲ್ಲ. ಚಿಲಕವನ್ನೂ ಹಾಕಿರಲಿಲ್ಲ. ಕೈಗೂಸು ಎಳೆದರೂ ತೆರೆಯುವಂತಿತ್ತು."

ಅವರು ಕತೆಯನ್ನು ಮುಂದುವರಿಸಿದರು.

ಪುರಾಣ ಅರ್ಧವಾಗಿತ್ತು. ಮುಂದುಗಡೆ ದೀಪದ ಬತ್ತಿಯ ಕಿಡಿ ಪುರಾಣದ ಪೀಠದ ಮೇಲೆ ಕಟ್ಟಿದ್ದ ಮೇಲ್ಕಟ್ಟಿನ ಬಟ್ಟೆಗೆ ತಾಗಿತು. ಅಂಗೈಯಗಲ ಬಟ್ಟೆ ಉರಿಯಿತು. ಪಕ್ಕದಲ್ಲಿದ್ದವನೊಬ್ಬ ಒಂದು ತಂಬಿಗೆ ನೀರು ಎರಚಿದ. ಬೆಂಕಿ ಆರಿತು. ಆದರೆ ಆ ಹೊತ್ತಿಗಾಗಲೇ ಯಾರೋ "ಬೆಂಕಿ" ಎಂದು ಕೂಗಿದ್ದರು. ಬೆಂಕಿ ಆರಿತು, ಮಾತು ಆರಲಿಲ್ಲ. ಅದು ಸಾಲಿನಿಂದ ಸಾಲಿಗೆ ದಾಟಿತು. ದಾಟುತ್ತ ದಾಟುತ್ತ ದೊಡ್ಡದಾಯಿತು. ಬೆಂಕಿಯನ್ನು ಕಂಡವರು ಹತ್ತು ಜನ. ಕೇಳಿದವರು ಸಾವಿರ ಜನ. ಎಲ್ಲರೂ ಎದ್ದರು. ಎದ್ದವರೆಲ್ಲ ಬಾಗಿಲ ಕಡೆಗೆ ತಿರುಗಿದರು.

ಯಾರೂ ಯಾರನ್ನೂ ಕೊಲ್ಲಲು ಒತ್ತಲಿಲ್ಲ. ಇದನ್ನು ತಿಳಿದುಕೊಳ್ಳಬೇಕು. ಹಿಂದೆ ನಿಂತವನಿಗೆ ಮುಂದೆ ನಿಂತವನ ಬೆನ್ನು ಕಾಣುತ್ತದೆ, ಎದೆ ಕಾಣುವುದಿಲ್ಲ. ಅವನು ತನ್ನ ಮುಂದಿನವನನ್ನು ಸ್ವಲ್ಪವೇ ತಳ್ಳುತ್ತಾನೆ. ಮಕ್ಕಳನ್ನು ಸಾಲಿನಲ್ಲಿ ಮುಂದಕ್ಕೆ ಸರಿಸುವಷ್ಟು, ಅಷ್ಟೇ. ಆದರೆ ಮುಂದಿನವನೂ ಅಷ್ಟು ತಳ್ಳುತ್ತಾನೆ, ಅವನ ಮುಂದಿನವನೂ ಅಷ್ಟು ತಳ್ಳುತ್ತಾನೆ. ಸಾವಿರ ಜನರ ಸ್ವಲ್ಪ ಸ್ವಲ್ಪವೆಲ್ಲ ಕೂಡಿ ಕೊನೆಗೆ ಬಾಗಿಲಿಗೆ ಅಂಟಿಕೊಂಡು ನಿಂತವರ ಎದೆಯ ಮೇಲೆ ಬಂದು ನಿಲ್ಲುತ್ತದೆ. ಉಸಿರಾಡಬೇಕಾದರೆ ಎದೆ ಹಿಗ್ಗಬೇಕು. ಹಿಗ್ಗಲು ಎರಡು ಬೆರಳಷ್ಟಾದರೂ ಜಾಗ ಬೇಕು. ಬಾಗಿಲ ಬಳಿ ಆ ಎರಡು ಬೆರಳು ಜಾಗ ಇರಲಿಲ್ಲ.

ಕದ ತೆರೆಯಬೇಕಾದರೆ ಅದನ್ನು ಒಳಕ್ಕೆ ಎಳೆಯಬೇಕು. ಎಳೆಯಬೇಕಾದರೆ ಎರಡು ಹೆಜ್ಜೆ ಹಿಂದಕ್ಕೆ ಇಡಬೇಕು. ಹಿಂದೆ ಹೆಜ್ಜೆ ಇಡಲು ನೆಲವೇ ಇರಲಿಲ್ಲ. ಬಾಗಿಲಿಗೆ ಹತ್ತಿರವಾದಷ್ಟೂ ಜನ ಅದನ್ನು ಮೈಯಿಂದಲೇ ಮುಚ್ಚಿ ಹಿಡಿದರು.

ಹೊರಗೆ ನಿಂತವರಿಗೆ ಒಳಗಿನ ಕೂಗು ಕೇಳಿಸಿತು. ಒಳಗೆ ಏನೋ ಹಂಚುತ್ತಿದ್ದಾರೆ ಎಂದುಕೊಂಡು ಅವರೂ ಬಾಗಿಲ ಕಡೆಗೆ ನುಗ್ಗಿದರು. ಬಡಗಿಗೆ ಮಾತ್ರ ಅದು ಯಾವ ಕೂಗು ಎಂದು ತಿಳಿಯಿತು. ಅವನು ಜನರನ್ನು ಸೀಳಿಕೊಂಡು ಬಾಗಿಲಿಗೆ ಬಂದು ಕೈಯಿಟ್ಟ. ಒಂದು ಬೆರಳಿಗೆ ಸರಿಯುತ್ತಿದ್ದ ಕದ ಗೋಡೆಯ ಹಾಗೆ ನಿಂತಿತ್ತು.

"ಹಿಂದಕ್ಕೆ ಸರಿಯಿರಿ! ಎರಡು ಹೆಜ್ಜೆ ಹಿಂದಕ್ಕೆ!" ಎಂದು ಕೂಗಿದ. ಗಂಟಲು ಹರಿಯುವ ತನಕ ಕೂಗಿದ. ವರ್ತಕನ ಅಂಗಡಿಯಲ್ಲಿ ಮೆಲ್ಲಗೆ ಒಂದು ಸಲ ಹೇಳಿ ಬಂದಿದ್ದವನು ಈಗ ನೂರು ಸಲ ಕೂಗಿದ. ಆದರೆ ನಾಲ್ಕು ಬೆರಳು ದಪ್ಪದ ತೇಗದ ಆಚೆಗೆ ಮಾತು ದಾಟುವುದಿಲ್ಲ.

ಕದವನ್ನು ಕಳಚಿಹಾಕೋಣ ಎಂದರೆ, ಅದು ತಿರುಗುವ ಕೀಲುಗಳೆಲ್ಲ ಒಳಗಡೆ ಇದ್ದವು. ಒಳಕ್ಕೆ ತೆರೆಯುವ ಬಾಗಿಲಿನ ಕೀಲು ಇರುವುದೇ ಒಳಗೆ. ಅವುಗಳನ್ನು ಅಲ್ಲಿ ಕೂರಿಸಿದವನು ಅವನೇ. ಉಳಿದದ್ದು ಒಂದೇ ದಾರಿ. ಅವನು ಓಡಿಹೋಗಿ ಬಾಚಿಯನ್ನು ತಂದು ತನ್ನ ಬಾಗಿಲನ್ನು ತಾನೇ ಕಡಿಯತೊಡಗಿದ. ತಾವರೆ ಹೋಯಿತು, ಗಿಳಿ ಹೋಯಿತು. ಮರ ಒಳ್ಳೆಯದು. ಸುಲಭಕ್ಕೆ ಜಗ್ಗಲಿಲ್ಲ. ಎಂಥ ಹೊಡೆತ ಬಿದ್ದರೂ ಸೀಳದ ಮರವನ್ನು ಅವನು ಆರಿಸಿ ಆರಿಸಿ ತಂದಿದ್ದ. ಒಂದು ಕೈ ಹಿಡಿಸುವಷ್ಟು ತೂತು ಬೀಳುವ ಹೊತ್ತಿಗೆ ಒಳಗಿನ ಕೂಗು ನಿಂತಿತ್ತು. ಆ ತೂತಿನಲ್ಲಿ ಅವನಿಗೆ ಬೆಳಕು ಕಾಣಲಿಲ್ಲ. ಬಟ್ಟೆ ಕಾಣಿಸಿತು.

ಕೊನೆಗೆ ಬಾಗಿಲು ತೆರೆದದ್ದು ಅವನಿಂದಲ್ಲ. ಪುರಾಣ ಓದುತ್ತಿದ್ದ ಹಿರಿಯರು ಪೀಠದ ಮೇಲೆ ನಿಂತು, "ಬೆಂಕಿ ಆರಿದೆ, ಇದ್ದಲ್ಲೇ ಕೂತುಕೊಳ್ಳಿ" ಎಂದು ಪೀಠದ ಹತ್ತಿರ, ನೂಕುವ ಜನರ ಹಿಂದುಗಡೆ ಇದ್ದವರಿಗೆ ಒಂದೇ ಸಮನೆ ಹೇಳುತ್ತಿದ್ದರು. ಮೊದಲು ಹತ್ತು ಜನ ಕೂತರು. ಅವರನ್ನು ನೋಡಿ ಇನ್ನು ಹತ್ತು ಜನ ಕೂತರು. ಹಿಂದಿನವರು ಕೂತ ಮೇಲೆ ನಡುವಿನವರ ಬೆನ್ನು ಹಗುರಾಯಿತು. ನಡುವಿನವರು ಸರಿದರು. ಆಗ ಕದ ತಾನೇ ಒಳಕ್ಕೆ ತಿರುಗಿತು. ಅಷ್ಟೆಲ್ಲ ಆದ ಮೇಲೂ ಅದು ಕಿರ್ ಎಂದು ಸದ್ದು ಮಾಡಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ ಬಾಗಿಲು.

ಮೂವತ್ತೊಂದು ಜನ ಸತ್ತಿದ್ದರು. ಒಬ್ಬರ ಮೈಮೇಲೂ ಸುಟ್ಟ ಕಲೆ ಇರಲಿಲ್ಲ. ಕೆಲವರು ಬೀಳಲು ಜಾಗವಿಲ್ಲದೆ ನಿಂತೇ ಸತ್ತಿದ್ದರು. ಜನ ಸರಿದ ಮೇಲೆ ಬಿದ್ದರು. ಪೀಠದ ಬಳಿ, ಬೆಂಕಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಸತ್ತವರೆಲ್ಲ ಬಾಗಿಲ ಹತ್ತಿರ ಇದ್ದವರು. ಬಡಗಿಯ ಹೆಂಡತಿ ಕದಕ್ಕೆ ಮುಖ ಹಚ್ಚಿಕೊಂಡಿದ್ದಳು. ಅವಳ ಕೆನ್ನೆಯ ಮೇಲೆ ಒಂದು ಗಿಳಿಯ ಅಚ್ಚು ಮೂಡಿತ್ತು.

ಮೂರನೆಯ ದಿನ ಊರಿನವರು ಬಯಲಿನಲ್ಲಿ ಸೇರಿದರು. ಮಂಟಪದೊಳಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ವರ್ತಕ ಎರಡು ದಿನದಲ್ಲೇ ಮುದುಕನಾಗಿದ್ದ. "ಅವ್ವನ ಹೆಸರಿಗೆ ಮಸಿ ಬಳಿದೆ" ಎಂದು ಅತ್ತ. ಹೀಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು, ಎಲ್ಲ ಹಣೆಬರಹ ಎಂದು ಹಿರಿಯರು ಅವನನ್ನು ಸಮಾಧಾನ ಮಾಡಿದರು.

ಬಡಗಿ ಎದ್ದು ನಿಂತ. "ನನಗೆ ಗೊತ್ತಿತ್ತು. ನಾನು ಹೇಳಿದ್ದೆ" ಎಂದ. ಅವನ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟಿನ ಮೇಲೆ ಕೈಯೂರಿಯೇ ಅವನು ಮೂರು ದಿನ ನಿಂತಿದ್ದ. ತಾನು ಹೇಳಿದ್ದೆ, ಅವರು ಕೇಳಲಿಲ್ಲ ಎಂಬ ಒಂದು ಮಾತು ಇಲ್ಲದಿದ್ದರೆ ಅವನಿಗೆ ಆ ಮೂರು ದಿನ ಕಳೆಯಲು ಆಗುತ್ತಿರಲಿಲ್ಲ.

ಎಲ್ಲರೂ ವರ್ತಕನ ಕಡೆಗೆ ನೋಡಿದರು. ವರ್ತಕ ಹೌದೆಂದು ತಲೆಯಾಡಿಸಿದ. ಅಂಗಡಿಯಲ್ಲಿ ನಕ್ಕವರು ನೆಲ ನೋಡಿದರು.

ಅಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಅವಳ ಇಬ್ಬರು ಸೊಸೆಯಂದಿರೂ ಬಾಗಿಲ ಬಳಿ ಸತ್ತಿದ್ದರು. ಅವಳು ಬಡಗಿಯನ್ನು ಕೇಳಿದಳು:

"ಎಷ್ಟು ಸಲ ಹೇಳಿದೆ, ಅಪ್ಪಾ?"

"ಒಂದು ಸಲ."

"ಉಣ್ಣಲು ಬಾ ಎಂದು ಮಕ್ಕಳನ್ನು ಮೂರು ಸಲ ಕರೆಯುತ್ತೇವಲ್ಲಪ್ಪಾ" ಎಂದಳು ಮುದುಕಿ.

ಅವಳ ಮಾತಿನಲ್ಲಿ ಬೈಗುಳ ಇರಲಿಲ್ಲ. ಅವಳು ಬೈದಿದ್ದರೆ ಬಡಗಿ ತಿರುಗಿ ಏನಾದರೂ ಹೇಳುತ್ತಿದ್ದನೋ ಏನೋ. ಅವನು ಕೂತುಬಿಟ್ಟ. ಆಗ ಅವನಿಗೆ ಬೇರೊಂದು ನೆನಪಾಯಿತು. ಅವನು ಹೇಳಿದ್ದು ಒಂದು ಸಲ ಅಲ್ಲ, ಎರಡು ಸಲ. ಎರಡನೆಯ ಸಲ ಹೇಳಿದ್ದು ಹೆಂಡತಿಗೆ. ಬಾಗಿಲ ಪಕ್ಕದಲ್ಲೇ ಕೂತುಕೋ ಎಂದಿದ್ದ. ಅಪಾಯ ಇದೆ ಎಂದು ಅವನ ಮನಸ್ಸು ಆ ದಿನವೂ ನಂಬಿತ್ತು. ನಂಬಿದ್ದರಿಂದಲೇ ಹಾಗೆ ಹೇಳಿದ. ಎರಡು ಸಾವಿರ ಜನಕ್ಕೆ ಆಗಬೇಕಾಗಿದ್ದ ಎಚ್ಚರವನ್ನು ಗುಟ್ಟಾಗಿ ತನ್ನ ಮನೆಯ ಒಬ್ಬಳಿಗೆ ಕೊಟ್ಟ. ಆ ಎಚ್ಚರವೇ ಅವಳನ್ನು ಸಾಯುವ ಜಾಗದಲ್ಲಿ ಕೂರಿಸಿತು.

ಇದನ್ನು ಅವನು ಆ ಸಭೆಯಲ್ಲಿ ಹೇಳಲಿಲ್ಲ. ಮುಂದೆಯೂ ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ಮಂಟಪದ ಬಾಗಿಲನ್ನು ಅವನೇ ತೆಗೆದ. ಹೊಸ ಚೌಕಟ್ಟು ಮಾಡಿ, ಹೊರಕ್ಕೆ ತೆರೆಯುವ ಕದಗಳನ್ನು ಕೂರಿಸಿದ. ಎದುರು ಗೋಡೆಯನ್ನು ಒಡೆಸಿ ಅಲ್ಲೊಂದು ಬಾಗಿಲು ಇಟ್ಟ. ಕೊಟ್ಟಿಗೆ ಬಾಗಿಲು ಎಂದು ಆಮೇಲೆ ಯಾರೂ ನಗಲಿಲ್ಲ. ನಗುವುದಕ್ಕೆ ಆ ಮಂಟಪಕ್ಕೆ ಜನವೂ ಬರುತ್ತಿರಲಿಲ್ಲ. ಪುರಾಣ ಮತ್ತೆ ಬಯಲಿನಲ್ಲೇ ನಡೆಯತೊಡಗಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಂಗಳದಲ್ಲಿ ಆಳುಗಳು ಗಳ ನೆಡಲು ಗುಂಡಿ ತೋಡುತ್ತಿದ್ದರು. ಶಾಮಿಯಾನದ ಕೆಳಗೆ ಗುರುಶಾಂತಪ್ಪ ಕುರ್ಚಿಗಳ ಸಾಲನ್ನು ನೇರ ಮಾಡಿಸುತ್ತಿದ್ದ. ಅವನು ಓಡಾಡಿದಾಗಲೆಲ್ಲ ಸೊಂಟದ ಬೀಗದ ಕೈಗಳ ಸದ್ದು ಜಗುಲಿಯವರೆಗೆ ಕೇಳುತ್ತಿತ್ತು. ಮರುಳಸಿದ್ಧ ಆ ಕಡೆಗೇ ನೋಡುತ್ತ ಹೇಳಿದ:

"ಬುದ್ಧಿ, ಆ ಬಡಗಿಯ ಬಾಗಿಲು ಬೇರೆ, ನಮ್ಮ ಅಂಗಳ ಬೇರೆ. ಇಲ್ಲಿ ಮೇಲೆ ಬಯಲಿದೆ, ಗಾಳಿಯಿದೆ. ನಾನು ಹೇಳುವುದನ್ನು ಹೇಳಿದ್ದೇನೆ. ಪಾರುಪತ್ಯಗಾರರು ನನಗಿಂತ ತಿಳಿದವರು, ಇಂಥ ಎಷ್ಟೋ ಸಮಾರಂಭಗಳನ್ನು ಮಾಡಿದವರು. ಏನೂ ಆಗಲಿಕ್ಕಿಲ್ಲ. ನಿಜ ಹೇಳಬೇಕೆಂದರೆ, ಈಗ ನನಗೂ ಅಂಥ ಭಯವೇನೂ ಇಲ್ಲ."

ಗುರುಗಳು ಎದ್ದು ನಿಂತರು. ಹೊದ್ದಿದ್ದ ವಸ್ತ್ರವನ್ನು ಸರಿಮಾಡಿಕೊಂಡರು. ಒಳಗೆ ಹೋಗಲು ಬಾಗಿಲವರೆಗೆ ನಡೆದವರು ಹೊಸ್ತಿಲ ಬಳಿ ನಿಂತು, ಹಿಂತಿರುಗಿ ಕೇಳಿದರು:

"ಭಯವಿಲ್ಲದಿದ್ದರೆ, ಅಕ್ಕನಿಗೆ ಸೋಮವಾರ ಬೇಡ, ಮಂಗಳವಾರ ಬಾ ಎಂದು ಏಕೆ ಹೇಳಿಕಳಿಸಿದೆ, ಮರುಳಸಿದ್ಧ?"